ಗಾಯ ಹೊಟ್ಟೆಯಲ್ಲಿ, ಇಂಜೆಕ್ಷನ್ ಯಾಕೆ ಕೈಗೆ?

"ಗಾಯ ಆಗಿರೋದು ಹೊಟ್ಟೆಗೆ. ಇವರು ಔಷಧಿ ಚುಚ್ಚೋದು ಕೈಗೆ. ಅದು ಅಲ್ಲಿಂದ ಇಲ್ಲಿಗೆ ಬರೋದು ಯಾವಾಗ ಮಾರಾಯ? ಗಾಯದೊಳಗೇ ಒಂದಿಷ್ಟು ಪೌಡರ್ ಸುರಿದು ಹೊಲಿದುಬಿಟ್ಟಿದ್ದರೆ ಆಗ್ತಿರಲಿಲ್ವಾ?"

ದೊಡ್ಡಪ್ಪ ಹೀಗೆ ಕೇಳಿದ್ದು ಶಿವಮೊಗ್ಗದ ಒಂದು ಆಸ್ಪತ್ರೆಯ ವಾರ್ಡಿನಲ್ಲಿ. ಆಪರೇಷನ್ ಆಗಿ ಆರನೇ ದಿನ. ಅವತ್ತು ಬೆಳಿಗ್ಗೆ ಹೊಲಿಗೆಯ ಕೆಳತುದಿಯಿಂದ ಕೀವು ಬರಲು ಶುರುವಾಗಿತ್ತು.

ಅವರಿಗೆ 71 ವರ್ಷ. ಮನೆ ತೀರ್ಥಹಳ್ಳಿಯಿಂದ ಇನ್ನೂ ಒಳಗೆ. ಪುನರ್ವಸು ಮಳೆ ಹಿಡಿದಿದ್ದ ವಾರ ಹೊಟ್ಟೆ ಉಬ್ಬರಿಸಿಕೊಂಡಿತು. ಗ್ಯಾಸ್ ಇರಬೇಕು ಅಂತ ಎರಡು ದಿನ ಜೀರಿಗೆ ಕಷಾಯ ಕುಡಿದುಕೊಂಡು ಕೂತಿದ್ದರು. ಮೂರನೇ ದಿನ ವಾಂತಿ ಶುರುವಾದ ಮೇಲೆ ಶಿವಮೊಗ್ಗಕ್ಕೆ ಕರೆತಂದೆವು. ದೊಡ್ಡ ಕರುಳಿನ ಕೊನೆಯ ಭಾಗ ಹಗ್ಗದ ಹಾಗೆ ತಿರುಚಿಕೊಂಡು ರಕ್ತ ಓಡಾಟ ನಿಂತು, ಒಂದು ತುಂಡು ಕಪ್ಪಾಗಿತ್ತು. ರಾತ್ರಿಯೇ ಆಪರೇಷನ್ ಮಾಡಿ ಸತ್ತ ತುಂಡನ್ನು ತೆಗೆದರು. ಮೇಲಿನ ತುದಿಯನ್ನು ಹೊಟ್ಟೆಯ ಎಡಬದಿಯಲ್ಲಿ ಹೊರಗೆ ತಂದು, ಮಲ ಬೀಳಲು ಚೀಲ ಹಾಕಿದರು. ಮತ್ತೆ ಜೋಡಿಸುವುದು ಕೆಲವು ತಿಂಗಳಾದ ಮೇಲೆ ಅಂದರು.

ನಾನು 14 ವರ್ಷದಿಂದ ಮೆಡಿಕಲ್ ಶಾಪ್ ನಡೆಸುತ್ತಿದ್ದೇನೆ. ಹೊಲಿಗೆ ಹಾಕಿಸಿಕೊಂಡು ಬಂದವರ ಮನೆಯವರು "ಗಾಯಕ್ಕೆ ಉದುರಿಸುವ ಪೌಡರ್ ಕೊಡಿ" ಅಂತ ಕೇಳದ ವಾರವೇ ಇಲ್ಲ. ಆದರೆ ದೊಡ್ಡಪ್ಪನ ಪ್ರಶ್ನೆಗೆ ಅವತ್ತು ನನ್ನ ಹತ್ತಿರವೂ ಉತ್ತರ ಇರಲಿಲ್ಲ. ಆಮೇಲೆ ಸರ್ಜನ್ ಹತ್ತಿರ ಕೇಳಿದೆ, ಸಿಕ್ಕಿದ್ದನ್ನೆಲ್ಲ ಓದಿದೆ. ಇದೇ ಪ್ರಶ್ನೆಯನ್ನು ದೊಡ್ಡ ದೊಡ್ಡ ಸರ್ಜನ್‌ಗಳೂ ಕೇಳಿದ್ದಾರೆ, ನೂರಾರು ರೋಗಿಗಳ ಮೇಲೆ ಪರೀಕ್ಷೆಯನ್ನೂ ಮಾಡಿದ್ದಾರೆ. ಸಿಕ್ಕ ಉತ್ತರ ಮಾತ್ರ ಯಾರೂ ಅಂದುಕೊಂಡಂತೆ ಇರಲಿಲ್ಲ.

ಮೊದಲು, ಕರುಳಿನ ಗಾಯ ಯಾಕೆ ಬೇರೆ ಅನ್ನುವುದನ್ನು ನೋಡೋಣ. ತೋಟದಲ್ಲಿ ಕತ್ತಿ ತಾಗಿದರೆ ನಮ್ಮ ಕಡೆ ಕಮ್ಯುನಿಸ್ಟ್ ಸೊಪ್ಪಿನ ರಸ ಹಿಂಡುತ್ತಾರೆ. ಮನೆಯಲ್ಲಾದರೆ ಅರಿಶಿನ, ಇಲ್ಲವೇ ಕಾಫಿಪುಡಿ. ಗಾಯ ಮಾಯುತ್ತದೆ ಕೂಡ, ಯಾಕೆಂದರೆ ಅದು ಚರ್ಮದ ಮೇಲಿನ ಗಾಯ, ಸುಮ್ನೆ ತೊಳೆದು ಬಿಟ್ಟಿದ್ದರೂ ಹೆಚ್ಚಿನ ಸಲ ಮಾಯುವಂಥದ್ದು. ಕರುಳು ಹಾಗಲ್ಲ. ದೊಡ್ಡ ಕರುಳಿನಲ್ಲಿರುವ 1 ಗ್ರಾಂ ಮಲದಲ್ಲಿ ಸುಮಾರು 10 ಸಾವಿರ ಕೋಟಿ ಬ್ಯಾಕ್ಟೀರಿಯಾ ಇರುತ್ತವೆ. ಕರುಳಿನ ಒಳಗೆ ಇರುವಷ್ಟು ಕಾಲ ಅವುಗಳಿಂದ ನಮಗೆ ತೊಂದರೆ ಇಲ್ಲ, ಉಪಕಾರವೇ ಜಾಸ್ತಿ. ಕರುಳಿಗೆ ಕತ್ತರಿ ಹಾಕಿದ ಮೇಲೆ, ಸರ್ಜನ್ ಎಷ್ಟೇ ಜಾಗ್ರತೆ ಮಾಡಿದರೂ, ಕಣ್ಣಿಗೆ ಕಾಣದಷ್ಟು ಅಂಶ ಹೊರಗೆ ಬಂದೇ ಬರುತ್ತದೆ. ಗ್ಲೌಸಿಗೆ, ಚಿಮಟಕ್ಕೆ, ಹೊಟ್ಟೆಯ ಗೋಡೆಯ ಕೊಬ್ಬಿಗೆ ಅಂಟಿಕೊಳ್ಳುತ್ತದೆ.

ಅದಕ್ಕೇ ಡಾಕ್ಟರುಗಳು ಆಪರೇಷನ್ ಗಾಯಗಳನ್ನು ನಾಲ್ಕು ಬಗೆಯಾಗಿ ನೋಡುತ್ತಾರೆ. ಥೈರಾಯ್ಡ್, ಹರ್ನಿಯಾದಂಥವು ಶುದ್ಧ ಗಾಯ. ಮೊದಲೇ ದಿನ ಗೊತ್ತುಮಾಡಿ, ತಯಾರಿ ಮಾಡಿಕೊಂಡು ಕರುಳು ತೆರೆದರೆ ಅದು ಎರಡನೇ ಬಗೆ, ಶುದ್ಧವೇ ಆದರೂ ಸ್ವಲ್ಪ ಕಲಬೆರಕೆ. ಮಲ ಚೆಲ್ಲಿದ್ದರೆ, ಕರುಳು ಸತ್ತಿದ್ದರೆ, ಒಳಗೆ ಕೀವಿದ್ದರೆ ಮೂರು, ನಾಲ್ಕನೇ ಬಗೆ. ದೊಡ್ಡಪ್ಪನದು ಈ ಕೊನೆಯ ಸಾಲಿಗೆ ಸೇರಿದ್ದು. ಕೀವು ಬಂದದ್ದನ್ನು ನೋಡಿ ಮನೆಯಲ್ಲಿ ಎಲ್ಲರೂ "ಡಾಕ್ಟ್ರು ಏನೋ ತಪ್ಪು ಮಾಡಿರಬೇಕು" ಅಂದರು. ನನಗೂ ಒಂದು ಗಳಿಗೆ ಹಾಗೇ ಅನ್ನಿಸಿತ್ತು. ಈಗ ಹಾಗೆ ಅನ್ನಿಸುವುದಿಲ್ಲ. ಕರುಳಿನ ಆಪರೇಷನ್‌ಗಳಲ್ಲಿ ಹತ್ತರಲ್ಲಿ ಒಬ್ಬರಿಗೋ ಇಬ್ಬರಿಗೋ ಗಾಯದ ಸೋಂಕು ಆಗುವುದು ಒಳ್ಳೆಯ ಆಸ್ಪತ್ರೆಗಳಲ್ಲೂ ಇದ್ದದ್ದೇ.

ಇನ್ನು ದೊಡ್ಡಪ್ಪನ ಮಾತಿನ ಮೊದಲ ಭಾಗ. ಕೈಗೆ ಚುಚ್ಚಿದ್ದು ಹೊಟ್ಟೆಗೆ ಬರೋದು ಯಾವಾಗ? ಬೇಗನೇ ಬರುತ್ತದೆ. ರಕ್ತ ಇಡೀ ಮೈಯನ್ನು ಒಂದು ಸುತ್ತು ಹಾಕಲು ಸುಮಾರು ಒಂದು ನಿಮಿಷ ಸಾಕು. ರಕ್ತದಿಂದ ಹೊರಬಂದು ಚರ್ಮಕ್ಕೆ, ಕೊಬ್ಬಿಗೆ ಇಳಿಯಲು ಇನ್ನೊಂದಷ್ಟು ಹೊತ್ತು ಬೇಕು. ತೊಡಕು ಇರುವುದು ಬೇರೆ ಕಡೆ. ಹೊಟ್ಟೆ ಕೊಯ್ದಾಗ ಆ ಜಾಗದ ಸಣ್ಣ ಸಣ್ಣ ರಕ್ತನಾಳಗಳೂ ತುಂಡಾಗಿ ಮುಚ್ಚಿಕೊಳ್ಳುತ್ತವೆ. ಹೊಟ್ಟೆಯ ಕೊಬ್ಬಿನಲ್ಲಿ ರಕ್ತನಾಳಗಳು ಮೊದಲೇ ಕಡಿಮೆ. ಕೊಯ್ದ ಅಂಚಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಬ್ಯಾಕ್ಟೀರಿಯಾ ಆ ಹೆಪ್ಪಿನೊಳಗೆ ಸಿಕ್ಕಿಕೊಳ್ಳುತ್ತವೆ. ಆಮೇಲೆ ಎಷ್ಟು ಔಷಧಿ ಕೊಟ್ಟರೂ ಅದು ಆ ಹೆಪ್ಪಿನ ಹೊರಗೇ ಉಳಿಯುತ್ತದೆ.

ಹಾಗಾಗಿ ಔಷಧಿ ಚಾಕು ತಾಗುವ ಮೊದಲೇ ಅಲ್ಲಿ ಇರಬೇಕು. ಇದನ್ನು ದೊಡ್ಡಪ್ಪನಿಗೆ ಹೇಳಲು ನನಗೆ ಹೆಚ್ಚು ಕಷ್ಟ ಆಗಲಿಲ್ಲ. ಅಡಿಕೆಗೆ ಕೊಳೆರೋಗದ ಔಷಧಿ ಯಾವಾಗ ಹೊಡೀತೀರಿ ಅಂತ ಕೇಳಿದೆ. ಮಳೆ ಹಿಡಿಯುವ ಮೊದಲು ಅಂದರು. ಕೊಳೆ ಬಿದ್ದು ಕಾಯಿ ಉದುರಲು ಶುರುವಾದ ಮೇಲೆ ಎಷ್ಟು ಡ್ರಮ್ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆದರೂ ಹೋದ ಕಾಯಿ ವಾಪಸ್ ಬರುವುದಿಲ್ಲ, ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಅಮೆರಿಕದ ಜಾನ್ ಬರ್ಕ್ ಅನ್ನುವ ಸರ್ಜನ್ 1961ರಲ್ಲಿ ಗಿನಿ ಇಲಿಗಳ ಮೇಲೆ ಮಾಡಿ ತೋರಿಸಿದ್ದು ಇದನ್ನೇ. ಚರ್ಮದೊಳಗೆ ಬ್ಯಾಕ್ಟೀರಿಯಾ ಹಾಕುವ ಮೊದಲು ಔಷಧಿ ಕೊಟ್ಟರೆ ಗಾಯ ಹೆಚ್ಚುಕಡಿಮೆ ಏಳುವುದೇ ಇಲ್ಲ. ಮೂರು ಗಂಟೆ ತಡವಾದರೆ ಕೊಟ್ಟದ್ದೂ ಒಂದೇ, ಕೊಡದೇ ಇದ್ದದ್ದೂ ಒಂದೇ. 1992ರಲ್ಲಿ 2,847 ರೋಗಿಗಳ ದಾಖಲೆ ನೋಡಿದ ಇನ್ನೊಂದು ಅಧ್ಯಯನ ಬಂತು. ಕೊಯ್ಯುವ ಮೊದಲಿನ ಎರಡು ಗಂಟೆಯೊಳಗೆ ಔಷಧಿ ಪಡೆದವರಲ್ಲಿ ಗಾಯದ ಸೋಂಕು ಶೇ. 0.6. ತೀರಾ ಮುಂಚೆ ಕೊಟ್ಟವರಲ್ಲಿ ಶೇ. 3.8. ಆಪರೇಷನ್ ಶುರುವಾಗಿ ಮೂರು ಗಂಟೆ ಕಳೆದ ಮೇಲೆ ಕೊಟ್ಟವರಲ್ಲಿ ಶೇ. 3.3. ಅಂದರೆ ತಡವೂ ಕೆಟ್ಟದ್ದು, ಅವಸರವೂ ಕೆಟ್ಟದ್ದು. ಈಗ ಸಾಮಾನ್ಯವಾಗಿ ಅರಿವಳಿಕೆ ಕೊಡುವ ಹೊತ್ತಿಗೆ, ಕೊಯ್ಯುವುದಕ್ಕೆ ಒಂದು ಗಂಟೆಯೊಳಗೆ ಸೆಫಜೋಲಿನ್‌ನಂಥ ಔಷಧಿ ಕೊಡುತ್ತಾರೆ. ಕರುಳಿನ ಆಪರೇಷನ್ ಆದರೆ ಅದರ ಜೊತೆಗೆ ಮೆಟ್ರೋನಿಡಜೋಲ್. ಆಪರೇಷನ್ ನಾಲ್ಕು ಗಂಟೆ ಮೀರಿದರೆ ಸೆಫಜೋಲಿನ್ ಇನ್ನೊಂದು ಡೋಸ್.

ಇಷ್ಟು ಹೇಳಿದ ಮೇಲೂ ದೊಡ್ಡಪ್ಪ ಬಿಡಲಿಲ್ಲ. "ಸರಿ, ಬೋರ್ಡೋ ಮುಂಚೆ ಹೊಡೀಬೇಕು. ಆದರೆ ಅದನ್ನ ಅಡಿಕೆ ಗೊನೆಗೇ ಹೊಡೀತೀವಲ್ಲ ಮಾರಾಯ, ಮರದ ಬುಡಕ್ಕೆ ಹಾಕ್ತೀವಾ?"

ಇದು ಬಹಳ ಸರಿಯಾದ ಪ್ರಶ್ನೆ. ರಕ್ತದಲ್ಲಿ ಹೋಗುವ ಔಷಧಿ ಇಡೀ ಮೈಗೆ ಹಂಚಿಹೋಗುತ್ತದೆ, ಗಾಯಕ್ಕೆ ಸಿಗುವುದು ಸ್ವಲ್ಪ. ಜೆಂಟಾಮೈಸಿನ್‌ನಂಥ ಔಷಧಿ ರಕ್ತದಲ್ಲಿ ಜಾಸ್ತಿಯಾದರೆ ಕಿಡ್ನಿಗೆ, ಕಿವಿಗೆ ಪೆಟ್ಟು. ಅದೇ ಔಷಧಿಯನ್ನು ಗಾಯದಲ್ಲೇ ಇಟ್ಟರೆ ಅಲ್ಲಿ ನೂರು ಪಟ್ಟು ಹೆಚ್ಚು ಸಾಂದ್ರತೆ ಸಿಗುತ್ತದೆ, ರಕ್ತದಲ್ಲಿ ಅಷ್ಟಾಗಿ ಏರುವುದೂ ಇಲ್ಲ. ಕೇಳಿದರೆ ಯಾರಿಗಾದರೂ ಹೌದಲ್ವಾ ಅನ್ನಿಸುವ ಮಾತು. ಹೀಗೆ ಯೋಚಿಸಿಯೇ ಯುರೋಪಿನಲ್ಲಿ ಜೆಂಟಾಮೈಸಿನ್ ಸ್ಪಾಂಜ್ ಮಾಡಿದರು. ದನದ ಕೊಲಾಜನ್‌ನಿಂದ ಮಾಡಿದ, ಅಂಗೈಯಗಲದ ತೆಳು ಹಾಳೆ. ಅದರಲ್ಲಿ ಔಷಧಿ ತುಂಬಿರುತ್ತದೆ. ಹೊಟ್ಟೆ ಹೊಲಿಯುವ ಮೊದಲು ಸ್ನಾಯುವಿನ ಪದರದ ಮೇಲೆ, ಚರ್ಮದ ಕೆಳಗೆ ಇಟ್ಟುಬಿಟ್ಟರೆ ಆಯಿತು. ನಿಧಾನಕ್ಕೆ ಕರಗುತ್ತದೆ, ಮತ್ತೆ ತೆಗೆಯುವ ಕೆಲಸ ಇಲ್ಲ.

ಮೊದಲ ಫಲಿತಾಂಶಗಳು ಚೆನ್ನಾಗಿಯೇ ಬಂದವು. ನೆದರ್‌ಲ್ಯಾಂಡ್ಸ್‌ನಲ್ಲಿ 1997ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ದೊಡ್ಡ ಕರುಳಿನ ಆಪರೇಷನ್ ಆದ 221 ಜನರಲ್ಲಿ ಸ್ಪಾಂಜ್ ಇಟ್ಟವರಿಗೆ ಗಾಯದ ಸೋಂಕು ಶೇ. 5.6, ಇಡದವರಿಗೆ ಶೇ. 18.4. ಮೂರರಲ್ಲಿ ಒಂದು ಪಾಲಿಗೂ ಕಡಿಮೆ! ಹೃದಯದ ಆಪರೇಷನ್‌ನಲ್ಲಿ, ಸೀಳಿದ ಎದೆಮೂಳೆಯ ಎರಡು ಭಾಗಗಳ ನಡುವೆ ಇಟ್ಟು ನೋಡಿದ ಸ್ವೀಡನ್ನಿನ ಅಧ್ಯಯನದಲ್ಲೂ ಸೋಂಕು ಅರ್ಧಕ್ಕೆ ಇಳಿದಿತ್ತು.

ಆಮೇಲೆ ಅಮೆರಿಕದಲ್ಲಿ 39 ಆಸ್ಪತ್ರೆಗಳು ಸೇರಿ ದೊಡ್ಡದಾಗಿ ಪರೀಕ್ಷೆ ಮಾಡಿದವು. ಕರುಳಿನ ಆಪರೇಷನ್ ಆಗುವ 602 ಜನ. ಯಾರಿಗೆ ಸ್ಪಾಂಜ್, ಯಾರಿಗೆ ಇಲ್ಲ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನ ಮಾಡಿದರು. ಎಲ್ಲರಿಗೂ ರಕ್ತನಾಳಕ್ಕೆ ಚುಚ್ಚುವ ಆಂಟಿಬಯೋಟಿಕ್, ಬಾಕಿ ಆರೈಕೆ ಹೇಗೂ ಇತ್ತು. 2010ರಲ್ಲಿ ಫಲಿತಾಂಶ ಬಂತು. ಸ್ಪಾಂಜ್ ಇಡದವರಲ್ಲಿ ಸೋಂಕು ಶೇ. 20.9. ಸ್ಪಾಂಜ್ ಇಟ್ಟವರಲ್ಲಿ ಶೇ. 30.

ನಾನು ಈ ಸಂಖ್ಯೆಯನ್ನು ಎರಡು ಸಲ ಓದಿದೆ. ಕಡಿಮೆ ಆಗಬೇಕಿದ್ದದ್ದು ಜಾಸ್ತಿಯಾಗಿತ್ತು. ಗಾಯದ ತೊಂದರೆ ಅಂತ ಮತ್ತೆ ಆಸ್ಪತ್ರೆಗೋ ಡಾಕ್ಟರ ಹತ್ತಿರವೋ ಓಡಿಬಂದವರು ಸ್ಪಾಂಜ್ ಇಟ್ಟವರಲ್ಲಿ ಶೇ. 19.7, ಇಡದವರಲ್ಲಿ ಶೇ. 11. ಅದೇ ವರ್ಷ ಹೃದಯದ ಆಪರೇಷನ್‌ನ 1,502 ಜನರ ಮೇಲೆ ಮಾಡಿದ ಅಧ್ಯಯನದಲ್ಲಿ ಸ್ಪಾಂಜಿನಿಂದ ಲಾಭವೂ ಕಾಣಲಿಲ್ಲ, ನಷ್ಟವೂ ಕಾಣಲಿಲ್ಲ.

ಯಾಕೆ ಹೀಗಾಯಿತು ಅನ್ನುವುದಕ್ಕೆ ಒಂದೇ ಕಾರಣ ಕೊಡಲು ಬರುವುದಿಲ್ಲ. ಆದರೆ ಕೆಲವು ಸಂಗತಿಗಳನ್ನು ಜೋಡಿಸಿ ನೋಡಿದರೆ ನನಗೆ ಅರ್ಥವಾಗುತ್ತದೆ.

ಒಂದು, ಅದು ಮೈಗೆ ಹೊರಗಿನ ವಸ್ತು. 1957ರಲ್ಲಿ ಎಲೆಕ್ ಮತ್ತು ಕಾನನ್ ಎಂಬ ಇಬ್ಬರು ಸಂಶೋಧಕರು ಸ್ವಯಂಸೇವಕರ ಚರ್ಮದಲ್ಲಿ ಬ್ಯಾಕ್ಟೀರಿಯಾ ಹಾಕಿ ನೋಡಿದ್ದರು. ಕೀವು ಆಗಬೇಕಾದರೆ ಹತ್ತಾರು ಲಕ್ಷ ಬ್ಯಾಕ್ಟೀರಿಯಾ ಬೇಕಾಯಿತು. ಅದೇ ಜಾಗದಲ್ಲಿ ಒಂದು ರೇಷ್ಮೆ ಹೊಲಿಗೆ ದಾರ ಇದ್ದರೆ ಕೆಲವು ನೂರೇ ಸಾಕಾದವು. ಬರೀ ಒಂದು ದಾರಕ್ಕೇ ಇಷ್ಟು ವ್ಯತ್ಯಾಸ. ಔಷಧಿ ಇರುವಷ್ಟು ಹೊತ್ತು ಸ್ಪಾಂಜ್ ಕಾವಲುಗಾರ, ಔಷಧಿ ಮುಗಿದ ಮೇಲೆ ಅದೇ ಬ್ಯಾಕ್ಟೀರಿಯಾಗಳಿಗೆ ಗೂಡು. ಔಷಧಿ ಬಲುಬೇಗ, ಒಂದೆರಡು ದಿನದಲ್ಲೇ ತೊಳೆದುಹೋಗುತ್ತದೆ, ಕೊಲಾಜನ್ ಕರಗಲು ಅದಕ್ಕಿಂತ ಜಾಸ್ತಿ ದಿನ ಬೇಕು.

ಇನ್ನೊಂದು, ಔಷಧಿಗೂ ರೋಗಾಣುವಿಗೂ ಇರುವ ಹೊಂದಾಣಿಕೆ. ಜೆಂಟಾಮೈಸಿನ್ ಬ್ಯಾಕ್ಟೀರಿಯಾದ ಒಳಗೆ ಹೋಗಬೇಕಾದರೆ ಆಮ್ಲಜನಕ ಬೇಕು. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಆಮ್ಲಜನಕ ಇಲ್ಲದೆಯೇ ಬದುಕುವಂಥವು. ಅವುಗಳ ಮೇಲೆ ಜೆಂಟಾಮೈಸಿನ್ ನಡೆಯುವುದಿಲ್ಲ. ಹೊಲಿದು ಮುಚ್ಚಿದ ಕೊಬ್ಬಿನೊಳಗೆ ಹೇಗೂ ಗಾಳಿ ಕಡಿಮೆ.

ದೊಡ್ಡಪ್ಪನ ಬೋರ್ಡೋ ವಾದಕ್ಕೆ ಉತ್ತರವೂ ಇಲ್ಲೇ ಇದೆ. ಅಡಿಕೆ ಗೊನೆಯ ಮೇಲೆ ಬೋರ್ಡೋ ಒಣಗಿ ಅಂಟಿಕೊಳ್ಳುತ್ತದೆ, ರೋಗ ಹೊರಗಿನಿಂದ ಬಂದು ಅದರ ಮೇಲೇ ಬೀಳುತ್ತದೆ. ಆಪರೇಷನ್ ಗಾಯ ಮುಚ್ಚಿದ ಚೀಲದ ಹಾಗೆ. ಒಳಗೆ ರಕ್ತ, ನೀರು ಜಿನುಗುತ್ತಿರುತ್ತದೆ. ಹಾಕಿದ್ದು ಒಂದೇ ಕಡೆ ಗುಪ್ಪೆಯಾಗುತ್ತದೆ, ಇಲ್ಲವೇ ತೊಳೆದುಹೋಗುತ್ತದೆ.

ಗಾಯಕ್ಕೇ ಔಷಧಿ ಹಾಕುವ ಆಸೆ ಇವತ್ತಿನದಲ್ಲ. 1867ರಲ್ಲಿ ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲದಿಂದ ಗಾಯ ಕಟ್ಟಿ, ಕೊಳೆತು ಸಾಯುತ್ತಿದ್ದವರನ್ನು ಉಳಿಸಿದ್ದು ದೊಡ್ಡ ಸಾಧನೆಯೇ. ಮೊದಲ ಮಹಾಯುದ್ಧದಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್, ಪೆನಿಸಿಲಿನ್ ಕಂಡುಹಿಡಿಯುವುದಕ್ಕೂ ಮುಂಚೆ, ಇನ್ನೊಂದು ಮುಖವನ್ನು ತೋರಿಸಿದರು. ಆಳವಾದ ಗಾಯಕ್ಕೆ ಸುರಿಯುವ ನಂಜುನಾಶಕ ರೋಗಾಣುಗಳಿಗಿಂತ ಜಾಸ್ತಿ ನಮ್ಮದೇ ಬಿಳಿ ರಕ್ತಕಣಗಳನ್ನು ಕೊಲ್ಲುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರ ಹತ್ತಿರ ಸಲ್ಫಾ ಪುಡಿಯ ಪೊಟ್ಟಣ ಇರುತ್ತಿತ್ತು, ಗಾಯವಾದ ಕೂಡಲೇ ಸುರಿದುಕೊಳ್ಳಬೇಕು. ಅದರಿಂದ ಗಾಯದ ಸೋಂಕು ಕಡಿಮೆಯಾಗುವುದಿಲ್ಲ ಅಂತ ಗೊತ್ತಾದ ಮೇಲೆ ಸುರಿಯುವುದನ್ನು ಬಿಟ್ಟರು. ಈಗಿನ ಶಿಫಾರಸುಗಳೂ ಅದೇ ದಾರಿಯಲ್ಲಿವೆ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ, ಹೊಲಿಯುವ ಮೊದಲು ಆಂಟಿಬಯೋಟಿಕ್ ನೀರಿನಿಂದ ಗಾಯ ತೊಳೆಯಬೇಡಿ ಅಂತ ಹೇಳಿತು. 2017ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಸೋಂಕು ತಡೆಯಲು ಅಂತ ಮುಲಾಮು, ದ್ರಾವಣ, ಪುಡಿ ಯಾವುದನ್ನೂ ಆಪರೇಷನ್ ಗಾಯಕ್ಕೆ ಹಚ್ಚಬೇಡಿ ಅಂತ ಇನ್ನೂ ಖಡಾಖಂಡಿತವಾಗಿ ಹೇಳಿತು.

ಹಾಗಾದರೆ ಔಷಧಿಯನ್ನು ಆಯಾ ಜಾಗದಲ್ಲೇ ಕೊಡುವ ಯೋಚನೆ ಪೂರ್ತಿ ತಪ್ಪಾ? ಅಲ್ಲ. ನನಗೆ ಈ ಇಡೀ ವಿಷಯದಲ್ಲಿ ಬಹಳ ಇಷ್ಟವಾದ ಭಾಗ ಇದು. ಸ್ಪಾಂಜ್ ಮಾಡಿದವರು ಔಷಧಿ ಇಟ್ಟ ಜಾಗ ತಪ್ಪಾಗಿತ್ತು, ಅಷ್ಟೇ. ಬ್ಯಾಕ್ಟೀರಿಯಾ ಗಾಯಕ್ಕೆ ಬರುವುದು ಕರುಳಿನಿಂದ ತಾನೇ? ಆಪರೇಷನ್‌ಗೆ ಮೊದಲೇ ಕರುಳಿನೊಳಗಿನ ಸಂಖ್ಯೆಯನ್ನು ಇಳಿಸಿದರೆ ಚೆಲ್ಲಿದರೂ ಕಡಿಮೆ ಚೆಲ್ಲುತ್ತದೆ. ಅಮೆರಿಕದ ನಿಕೋಲ್ಸ್ ಮತ್ತು ಕಾಂಡನ್ 1970ರ ದಶಕದಲ್ಲಿ ಮಾಡಿದ್ದು ಇದನ್ನೇ. ಆಪರೇಷನ್ನಿನ ಹಿಂದಿನ ದಿನ ಕರುಳು ಖಾಲಿ ಮಾಡಿಸಿ, ಮಧ್ಯಾಹ್ನ 1 ಗಂಟೆಗೆ, 2 ಗಂಟೆಗೆ, ರಾತ್ರಿ 11ಕ್ಕೆ ನಿಯೋಮೈಸಿನ್ ಮತ್ತು ಎರಿಥ್ರೋಮೈಸಿನ್ ಮಾತ್ರೆ. ನಿಯೋಮೈಸಿನ್ ನುಂಗಿದರೆ ರಕ್ತಕ್ಕೆ ಹೆಚ್ಚುಕಡಿಮೆ ಸೇರುವುದೇ ಇಲ್ಲ. ಕರುಳಿನಲ್ಲೇ ಉಳಿದು ಅಲ್ಲೇ ಕೆಲಸ ಮಾಡುತ್ತದೆ. 1977ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಔಷಧಿ ಇಲ್ಲದ ಸುಳ್ಳು ಮಾತ್ರೆ ನುಂಗಿದವರಲ್ಲಿ ಶೇ. 43 ಜನರಿಗೆ ಸೋಂಕಿನ ತೊಂದರೆ ಆಯಿತು, ನಿಜವಾದ ಮಾತ್ರೆ ನುಂಗಿದವರಲ್ಲಿ ಶೇ. 9.

ಇದರಲ್ಲಿ ಜಗಳವೂ ಇದೆ. ಭೇದಿ ಮಾಡಿಸಿ ಕರುಳು ಖಾಲಿ ಮಾಡಿಸುವುದರಿಂದಷ್ಟೇ ಸೋಂಕು ಕಡಿಮೆ ಆಗುವುದಿಲ್ಲ. 2019ರಲ್ಲಿ ಫಿನ್‌ಲ್ಯಾಂಡಿನ ಒಂದು ಅಧ್ಯಯನ, ಖಾಲಿ ಮಾಡಿಸಿ ಮಾತ್ರೆ ಕೊಟ್ಟರೂ ವ್ಯತ್ಯಾಸ ಇಲ್ಲ ಅಂದಿತು. 2020ರಲ್ಲಿ ಸ್ಪೇನ್‌ನ ಅಧ್ಯಯನ, ಖಾಲಿ ಮಾಡಿಸದೆ ಬರೀ ಮಾತ್ರೆ ಕೊಟ್ಟರೂ ಸೋಂಕು ಶೇ. 11ರಿಂದ ಶೇ. 5ಕ್ಕೆ ಇಳಿಯಿತು ಅಂದಿತು. ಒಟ್ಟು ನೋಡಿದರೆ ಮಾತ್ರೆಯ ಕಡೆಗೇ ತೂಕ ಜಾಸ್ತಿ. ಮಾತ್ರೆ, ಭೇದಿ ಔಷಧಿ ಎರಡನ್ನೂ ಸೇರಿಸಿ ಕೊಡುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಒಪ್ಪುತ್ತದೆ, ಬರೀ ಭೇದಿ ಔಷಧಿ ಬೇಡ ಅನ್ನುತ್ತದೆ. ದೊಡ್ಡಪ್ಪನಿಗೆ ಮಾತ್ರ ಇದ್ಯಾವುದಕ್ಕೂ ಅವಕಾಶ ಇರಲಿಲ್ಲ. ಕರುಳು ತಿರುಚಿ ಮುಚ್ಚಿಹೋದವರಿಗೆ ಮಾತ್ರೆ ನುಂಗಿಸುವುದು ಹೇಗೆ? ಹೊಟ್ಟೆ ಉಬ್ಬರಿಸಿ, ಗಾಳಿಯೂ ಹೋಗದೆ, ವಾಂತಿ ಬರುತ್ತಿದ್ದರೆ ಅದನ್ನು ಗ್ಯಾಸ್ ಅಂತ ಮನೆಯಲ್ಲಿ ಇಟ್ಟುಕೊಳ್ಳಬೇಡಿ ಅಂತ ಅಂಗಡಿಗೆ ಬಂದವರಿಗೆಲ್ಲ ನಾನು ಈಗ ಹೇಳುತ್ತೇನೆ.

ಔಷಧಿಯೇ ಅಲ್ಲದ ಕೆಲವು ವಿಷಯಗಳು ಇನ್ನೂ ಸರಳ. 1996ರಲ್ಲಿ ಕರುಳಿನ ಆಪರೇಷನ್ ಆದ 200 ಜನರ ಅಧ್ಯಯನ ಪ್ರಕಟವಾಯಿತು. ಥಿಯೇಟರಿನಲ್ಲಿ ಮೈ ತಣ್ಣಗಾಗಲು ಬಿಟ್ಟವರಲ್ಲಿ ಶೇ. 19 ಜನರಿಗೆ ಗಾಯ ಕೆಟ್ಟಿತು. ಬೆಚ್ಚಗೆ ಇಟ್ಟವರಲ್ಲಿ ಶೇ. 6. ಮೈ ತಣ್ಣಗಾದರೆ ಚರ್ಮದ ರಕ್ತನಾಳ ಸಣ್ಣಗಾಗುತ್ತದೆ, ಆಮ್ಲಜನಕ ಕಡಿಮೆಯಾಗುತ್ತದೆ, ಬಿಳಿ ರಕ್ತಕಣಗಳ ಕೈ ಕಟ್ಟಿದಂತಾಗುತ್ತದೆ. ಬೆಚ್ಚಗಿನ ಹೊದಿಕೆ, ಬೆಚ್ಚಗಿನ ಡ್ರಿಪ್, ಅಷ್ಟೇ ಬೇಕಾದದ್ದು.

ಅದಕ್ಕಿಂತ ನನ್ನ ಮನಸ್ಸಿಗೆ ಹಿಡಿಸಿದ್ದು 2022ರದ್ದು. ಭಾರತವೂ ಸೇರಿ ಏಳು ದೇಶಗಳ 81 ಆಸ್ಪತ್ರೆಗಳಲ್ಲಿ, ಹೊಟ್ಟೆಯ ಆಪರೇಷನ್ ಆದ 13,301 ಜನರ ಮೇಲೆ ಮಾಡಿದ ಪರೀಕ್ಷೆ. ಹೊಟ್ಟೆ ಹೊಲಿಯುವ ಮೊದಲು ಇಡೀ ತಂಡ ಗ್ಲೌಸ್ ಬದಲಾಯಿಸಬೇಕು, ಬೇರೆ ಶುದ್ಧ ಕತ್ತರಿ ಚಿಮಟ ತಗೊಳ್ಳಬೇಕು. ಇಷ್ಟೇ. ಸೋಂಕು ಶೇ. 18.9ರಿಂದ ಶೇ. 16ಕ್ಕೆ ಇಳಿಯಿತು. ಯೋಚಿಸಿ, ಕರುಳು ಮುಟ್ಟಿದ ಕೈಯಲ್ಲೇ ಚರ್ಮ ಹೊಲಿಯುವುದು ಬೇಡ ಅನ್ನುವುದು ಎಷ್ಟು ಸಹಜ! ಕೋಳಿ ಕೊಯ್ದ ಕೈಯನ್ನು ತೊಳೆಯದೆ ನಮ್ಮ ದೊಡ್ಡಮ್ಮ ಉಪ್ಪಿನ ಭರಣಿ ಮುಟ್ಟಲು ಬಿಡುವುದಿಲ್ಲ. ಅದೇ ದೇಶಗಳಲ್ಲಿ 5,788 ಜನರ ಮೇಲೆ, ಬ್ಯಾಕ್ಟೀರಿಯಾ ಕೊಲ್ಲುವ ಲೇಪ ಇರುವ ದಾರವನ್ನು ಪರೀಕ್ಷಿಸಿದ್ದರು. ಸಾಮಾನ್ಯ ದಾರಕ್ಕಿಂತ ಅದು ಮೇಲು ಅಂತ ಕಾಣಲಿಲ್ಲ.

ವಾರ್ಡಿನಲ್ಲಿ ಅವತ್ತು ಆದದ್ದು ಇಷ್ಟು. ಸರ್ಜನ್ ಬಂದು ನಾಲ್ಕು ಹೊಲಿಗೆ ಬಿಚ್ಚಿದರು. ಕೀವು ಹೊರಗೆ ಬಂತು. ಸಲೈನಿನಿಂದ ತೊಳೆದು, ಒದ್ದೆ ಗಾಜ್ ತುಂಬಿ, ಮೇಲೆ ಒಣ ಬಟ್ಟೆ ಕಟ್ಟಿದರು. ದೊಡ್ಡಮ್ಮ ಗಾಬರಿಯಾದರು, "ಗಾಯ ತೆರೆದೇ ಬಿಡ್ತಾರಾ? ಹೊಲಿಯಲ್ವಾ?" ಆದರೆ ಗಾಯದ ಸೋಂಕಿಗೆ ನಿಜವಾದ ಮದ್ದು ಅದೇ. ಒಳಗೆ ಕಟ್ಟಿಕೊಂಡದ್ದಕ್ಕೆ ದಾರಿ ಬಿಡಬೇಕು, ಗಾಯ ಅಡಿಯಿಂದ ಮೇಲಕ್ಕೆ ತುಂಬಿಕೊಳ್ಳಬೇಕು. ಕೆಂಪು ಸುತ್ತ ಹರಡಿದ್ದರೆ, ಜ್ವರ ಜಾಸ್ತಿ ಇದ್ದರೆ ಮಾತ್ರ ಅದರ ಜೊತೆ ಆಂಟಿಬಯೋಟಿಕ್ ಬೇಕು. ಬರೀ ಆಂಟಿಬಯೋಟಿಕ್ ಕೊಟ್ಟು ಕೀವನ್ನು ಒಳಗೇ ಬಿಟ್ಟರೆ ಪ್ರಯೋಜನ ಇಲ್ಲ.

ಮನೆಗೆ ಬಂದ ಮೇಲೆ ಪೌಡರಿನ ವಿಷಯ ಮತ್ತೆ ಎದ್ದಿತು. ನೆಂಟರೊಬ್ಬರು ಡಬ್ಬಿಯನ್ನೇ ತಂದಿದ್ದರು. ನಾನು ಬೇಡ ಅಂದೆ. ತೆರೆದ ಗಾಯದಲ್ಲಿ ಪುಡಿ ಕೀವಿನ ಜೊತೆ ಸೇರಿ ಹಕ್ಕಳೆ ಕಟ್ಟುತ್ತದೆ, ಕೆಳಗೆ ಏನಾಗುತ್ತಿದೆ ಅಂತ ಕಾಣುವುದೇ ಇಲ್ಲ. ಈ ಪುಡಿಗಳಲ್ಲಿ ಇರುವ ನಿಯೋಮೈಸಿನ್ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಕೆಂಪಾಗಿ ತುರಿಸುತ್ತದೆ, ಸೋಂಕು ಜಾಸ್ತಿಯಾಯಿತು ಅಂತ ಇನ್ನಷ್ಟು ಉದುರಿಸುತ್ತಾರೆ. ನೋಡಿ, ಅದೇ ನಿಯೋಮೈಸಿನ್ ಕರುಳಿನೊಳಗೆ ಸರಿಯಾದ ಹೊತ್ತಿಗೆ ಹೋದರೆ ಎಷ್ಟು ಉಪಕಾರಿ.

ನಮ್ಮ ಕಡೆಯ ಇನ್ನೊಂದು ತೊಂದರೆ ಪಥ್ಯ. ನಂಜಾಗುತ್ತದೆ ಅಂತ ಮೊಟ್ಟೆ ಬಂದ್, ಮೀನು ಬಂದ್, ಬೇಳೆಯೂ ಬಂದ್, ಮೂರು ಹೊತ್ತು ಗಂಜಿ. ಗಾಯ ತುಂಬಿಕೊಳ್ಳಲು ಬೇಕಾದದ್ದೇ ಪ್ರೋಟೀನ್. ಡಾಕ್ಟರು ಊಟಕ್ಕೆ ಅನುಮತಿ ಕೊಟ್ಟ ಮೇಲೆ ಮೊಟ್ಟೆ, ಹಾಲು, ಮೊಸರು, ಬೇಳೆ ಕೊಡಬೇಕು. ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ ಇದೆ. ಸಕ್ಕರೆ ಏರಿದರೆ ಬಿಳಿ ರಕ್ತಕಣ ಸೋಮಾರಿಯಾಗುತ್ತವೆ, ಹಾಗಾಗಿ ಅದರ ಮೇಲೂ ಕಣ್ಣಿಟ್ಟೆವು. ಎಲೆಯಡಿಕೆಗೆ ಹೊಗೆಸೊಪ್ಪು ಹಾಕುವುದನ್ನು ಬಿಡಿಸಲು ಬಹಳ ಕಷ್ಟ ಪಟ್ಟೆವು. ಹೊಗೆಸೊಪ್ಪಿನ ನಿಕೋಟಿನ್ ರಕ್ತನಾಳಗಳನ್ನು ಸಣ್ಣ ಮಾಡುತ್ತದೆ. ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ಇಲ್ಲ, ಗಾಯ ಕಟ್ಟಿದ ಬಟ್ಟೆಯೂ ಹಸಿ ಹಸಿ. ನೆನೆದ ಬಟ್ಟೆಯ ಮೂಲಕ ಹೊರಗಿನ ರೋಗಾಣು ಸುಲಭವಾಗಿ ಒಳಗೆ ಹೋಗುತ್ತದೆ, ಒದ್ದೆ ಅನ್ನಿಸಿದ ಕೂಡಲೇ ಬದಲಾಯಿಸಬೇಕು.

ಆಪರೇಷನ್ ಆದ 30 ದಿನದವರೆಗೂ ಗಾಯ ಕೆಡಬಹುದು, ಹೊಲಿಗೆ ಬಿಚ್ಚಿದ ಮೇಲೂ. ನಾಲ್ಕೈದು ದಿನ ಕಡಿಮೆಯಾಗುತ್ತಿದ್ದ ನೋವು ಮತ್ತೆ ಏರಿದರೆ, ಗಾಯದ ಸುತ್ತ ಕೆಂಪಾಗಿ ಬಿಸಿಯಾದರೆ, ವಾಸನೆ ಬಂದರೆ, ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ತೋರಿಸಬೇಕು. ಎರಡು ಲಕ್ಷಣಗಳಿಗೆ ಬೆಳಗಾಗುವುದನ್ನೂ ಕಾಯಬಾರದು. ಗಾಯದಿಂದ ಮಲದ ಬಣ್ಣದ ನೀರು ಬಂದರೆ ಕರುಳಿನ ಜೋಡಣೆ ಸೋರುತ್ತಿರಬಹುದು. ಇದ್ದಕ್ಕಿದ್ದಂತೆ ನಸುಗೆಂಪು ನೀರು ಧಾರೆಯಾಗಿ ಬಂದರೆ ಒಳಗಿನ ಸ್ನಾಯುವಿನ ಹೊಲಿಗೆ ಬಿಟ್ಟಿರಬಹುದು, ಕರುಳು ಹೊರಗೆ ಬರುವ ಅಪಾಯ ಇದೆ. ಹಳ್ಳಿಯಿಂದ ಆಸ್ಪತ್ರೆ 60 ಕಿಲೋಮೀಟರ್ ಇರುವವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು.

ದೊಡ್ಡಪ್ಪನ ಗಾಯ ತುಂಬಲು ಏಳು ವಾರ ಹಿಡಿಯಿತು. ಅಡಿಕೆ ಕೊಯ್ಲು ಮುಗಿಯುತ್ತಿದ್ದಾಗ ಕರುಳು ಜೋಡಿಸುವ ಎರಡನೇ ಆಪರೇಷನ್‌ಗೆ ಹೋದೆವು. ಈ ಸಲ ನಾವು ಕೇಳಬೇಕಾದದ್ದನ್ನು ಕೇಳಿಕೊಂಡೇ ಹೋಗಿದ್ದೆವು. ಹಿಂದಿನ ದಿನ ಕರುಳು ಖಾಲಿ ಮಾಡುವ ಔಷಧಿ, ಮಾತ್ರೆಗಳು. ಹೊಟ್ಟೆಯ ಕೂದಲನ್ನು ಮನೆಯಲ್ಲಿ ಬ್ಲೇಡಿನಿಂದ ಬೋಳಿಸಲು ದೊಡ್ಡಮ್ಮ ಹೊರಟಿದ್ದರು, ಬೇಡ ಅಂದೆ. ಬ್ಲೇಡಿನ ಸಣ್ಣ ಗೀರುಗಳಲ್ಲೇ ರೋಗಾಣು ಮನೆ ಮಾಡುತ್ತವೆ, ತೆಗೆಯಲೇಬೇಕಾದರೆ ಆಸ್ಪತ್ರೆಯಲ್ಲಿ ಕ್ಲಿಪ್ಪರಿನಲ್ಲಿ ತೆಗೆಯುತ್ತಾರೆ. ಥಿಯೇಟರಿಗೆ ಹೋಗುವವರೆಗೂ ಕಂಬಳಿ ಹೊದ್ದೇ ಇದ್ದರು.

ಚೀಲ ಇದ್ದ ತೂತನ್ನು ಸರ್ಜನ್ ಪೂರ್ತಿ ಹೊಲಿಯಲಿಲ್ಲ. ಸಂಚಿಯ ಬಾಯಿಗೆ ದಾರ ಎಳೆದ ಹಾಗೆ ಸುತ್ತ ಒಂದು ಹೊಲಿಗೆ ಹಾಕಿ, ನಡುವೆ ಕಿರುಬೆರಳು ಹೋಗುವಷ್ಟು ಬಿಟ್ಟರು. ಮಲ ಬಂದು ಹೋಗಿದ್ದ ಜಾಗ ಅದು, ಬಿಗಿಯಾಗಿ ಮುಚ್ಚಿದರೆ ಕೀವು ಆಗುವ ಸಾಧ್ಯತೆ ಜಾಸ್ತಿ, ಹೀಗೆ ಬಾಯಿ ಬಿಟ್ಟರೆ ಜಿನುಗಿದ್ದೆಲ್ಲ ಹೊರಗೆ ಬರುತ್ತದೆ ಅಂತ ವಿವರಿಸಿದರು. ದೊಡ್ಡಪ್ಪ ಅದನ್ನು ನೋಡಿ, "ಇದಕ್ಕೂ ಏನೂ ಹಾಕೋದಿಲ್ವಾ ಡಾಕ್ಟ್ರೇ?" ಅಂತ ಕೇಳಿದರು. "ಒಣ ಬಟ್ಟೆ ಹಾಕ್ತೀವಿ ಯಜಮಾನ್ರೇ" ಅಂದರು ಅವರು. ನಾಲ್ಕು ವಾರದಲ್ಲಿ ಆ ತೂತು ತಾನಾಗಿ ಮುಚ್ಚಿಕೊಂಡಿತು. ಈ ಸಲ ಕೀವು ಬರಲಿಲ್ಲ.